ಕೆಸರಿನ ಕಾಲುದಾರಿಯಲ್ಲಿ ಓಡುವವರು ನಿಮ್ಮ ಅನುಭವ ಹೇಳಿ

ಪ್ರಶ್ನೆ

ಎರಡು ವರ್ಷದಿಂದ ಡಾಂಬರು ರಸ್ತೆಯಲ್ಲಿ ಓಡುತ್ತಿದ್ದೇನೆ. ಮನೆಗೆ ಹತ್ತಿರದ ನಿಸರ್ಗಧಾಮದಲ್ಲಿ ಆರು ಕಿಲೋಮೀಟರಿನ ಸುತ್ತು ದಾರಿ ಇದೆ. ನೆಲ ಒಣಗಿದ್ದಾಗ ಅದರಷ್ಟು ಇಷ್ಟದ ಜಾಗ ನನಗೆ ಇನ್ನೊಂದಿಲ್ಲ, ಮಳೆ ಬಿದ್ದರೆ ಮಾತ್ರ ಅತ್ತ ತಲೆ ಹಾಕುವುದಿಲ್ಲ. ಕಳೆದ ವಾರ ಧೈರ್ಯ ಮಾಡಿ ಹೋದೆ. ಹೊಂಡಗಳನ್ನು ಬಳಸಿ ಬಳಸಿ ಓಡಿದೆ, ಎರಡು ಸಲ ಜಾರಿದೆ, ಒಮ್ಮೆ ಅಂಗೈ ಊರಿ ಬಿದ್ದೆ, ಎಂದಿಗಿಂತ ಹನ್ನೊಂದು ನಿಮಿಷ ತಡವಾಗಿ ಮುಗಿಸಿದೆ. ಮನೆಗೆ ಬಂದಾಗ ಬರೀ ಸಿಟ್ಟು. ಆದರೆ ಅದೇ ದಾರಿಯಲ್ಲಿ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ನಗುತ್ತಾ ಓಡುತ್ತಿದ್ದ ಇಬ್ಬರನ್ನು ಕಂಡೆ. ಅವರಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದಿರುವುದು ಏನು? ಶೂ ಬದಲಿಸಬೇಕೇ, ಓಡುವ ರೀತಿಯನ್ನೇ ಬದಲಿಸಬೇಕೇ?

ಉತ್ತರ 1

ನಿಮ್ಮ ತೊಂದರೆ ನಿಮ್ಮ ಮಾತಿನಲ್ಲೇ ಇದೆ: "ಹೊಂಡಗಳನ್ನು ಬಳಸಿ ಬಳಸಿ." ಮೊದಲ ವರ್ಷವೆಲ್ಲ ನಾನೂ ಅದನ್ನೇ ಮಾಡಿದೆ. ಕೆಸರಿನಲ್ಲಿ ಓಡಬೇಕು, ಶೂಗೆ ಕೆಸರು ತಾಗಬಾರದು. ಈ ಆಟದಲ್ಲಿ ಗೆದ್ದವರನ್ನು ನಾನಿನ್ನೂ ಕಂಡಿಲ್ಲ. ಹೊಂಡದ ಅಂಚನ್ನು ಒಮ್ಮೆ ನಿಂತು ನೋಡಿ. ಅದು ಇಳುಕಲು, ಮೇಲಾಗಿ ನಿಮ್ಮಂತೆಯೇ ಬಳಸಿ ಹೋದ ನೂರಾರು ಕಾಲುಗಳಿಗೆ ಸಿಕ್ಕಿ ಅಲ್ಲಿನ ಹುಲ್ಲು ಅರೆದುಹೋಗಿ ನೆಲ ಬೆಣ್ಣೆಯಂತಾಗಿರುತ್ತದೆ. ನಡುವೆ ನೀರು ನಿಂತಿದ್ದರೂ ತಳ ಬಹಳ ಕಡೆ ವರ್ಷಗಟ್ಟಲೆ ತುಳಿತದಿಂದ ಗಟ್ಟಿಯಾದ ನೆಲ. ನೀವು ಬಿದ್ದದ್ದು ಅಂಚಿನಲ್ಲೇ ಎಂದು ಪಣ ಕಟ್ಟುತ್ತೇನೆ.

ಈಗ ನಾನು ಮಾಡುವುದು ಇಷ್ಟು. ದಾರಿಯಲ್ಲಿ ಸಿಗುವ ಮೊದಲ ಹೊಂಡಕ್ಕೆ ಬೇಕೆಂದೇ ಎರಡೂ ಕಾಲಿಡುತ್ತೇನೆ. ತಣ್ಣನೆಯ ನೀರು ಬೆರಳ ಸಂದಿಗೆ ನುಗ್ಗುತ್ತದೆ, ಒಂದು ಕ್ಷಣ ಉಸಿರು ಹಿಡಿದಂತಾಗುತ್ತದೆ. ಇಪ್ಪತ್ತು ಮೂವತ್ತು ಹೆಜ್ಜೆ ಶೂ ಪಚಕ್ ಪಚಕ್ ಎನ್ನುತ್ತದೆ, ಆಮೇಲೆ ಒಳಗಿನ ನೀರು ಕಾಲಿನ ಬಿಸಿಗೆ ಬೆಚ್ಚಗಾಗುತ್ತದೆ. ಅಲ್ಲಿಗೆ ಕಾಪಾಡಿಕೊಳ್ಳಬೇಕಾದದ್ದೇನೂ ಉಳಿಯಲಿಲ್ಲ. ನೀವು ಕಂಡ ಆ ಇಬ್ಬರು ನಗುತ್ತಿದ್ದುದು ಬಹುಶಃ ಅದಕ್ಕೇ.

ಎಲ್ಲ ಕೆಸರೂ ಒಂದೇ ಅಲ್ಲ. ಗಟ್ಟಿ ನೆಲದ ಮೇಲೆ ತೆಳ್ಳಗೆ ಹರಡಿದ ರಾಡಿ ನೋಡಲು ಸಾಧು, ಜಾರಿಸುವುದರಲ್ಲಿ ಮಾತ್ರ ಎಲ್ಲಕ್ಕಿಂತ ಮುಂದು. ಅಲ್ಲಿ ಹೆಜ್ಜೆ ಚಿಕ್ಕದಿರಲಿ, ಪಾದ ನಿಮ್ಮ ಸೊಂಟದ ನೇರ ಕೆಳಗೇ ಊರಲಿ. ಮುಂದೆ ಚಾಚಿ ಹಿಮ್ಮಡಿ ಊರಿದರೆ ಕಾಲು ಕೈಕೊಡುತ್ತದೆ. ಜೇಡಿಮಣ್ಣು ಜಾರಿಸುವುದಕ್ಕಿಂತ ಅಂಟುತ್ತದೆ. ನೂರು ಮೀಟರಿಗೆ ಒಂದೊಂದು ಶೂ ಇಟ್ಟಿಗೆಯಷ್ಟು ಭಾರವಾಗುತ್ತದೆ, ನಿಂತು ಒದರಿ ಮುಂದೆ ಹೋಗುವುದೇ ಸರಿ. ಮೂರನೆಯದು ಮರದ ನೆರಳಿನಲ್ಲಿ ಎಲೆ ಕೊಳೆತು ಆದ ಕಪ್ಪು ರೊಜ್ಜು. ಮೇಲೆ ನೋಡಿದರೆ ಬರೀ ತರಗೆಲೆ, ಕಾಲಿಟ್ಟರೆ ಮೀನಖಂಡದವರೆಗೆ. ಒಮ್ಮೆ ಅಂಥದ್ದರಿಂದ ಕಾಲು ಕಿತ್ತೆ, ಬಳಕ್ ಎಂದು ಸದ್ದಾಯಿತು, ಕಾಲು ಹಗುರಾಗಿ ಮೇಲೆ ಬಂತು. ಶೂ ಬರಲಿಲ್ಲ. ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು, ಮೊಣಕೈವರೆಗೆ ತೋಳು ಇಳಿಸಿ ತಡಕಾಡಿ, ಲೇಸಿನ ತುದಿ ಸಿಕ್ಕಿದಾಗ ಆದ ಸಂತೋಷ ಯಾವ ಪದಕಕ್ಕೂ ಆಗಿಲ್ಲ. ಅಂದಿನಿಂದ ಲೇಸನ್ನು ಕೊನೆಯ ಹೆಚ್ಚುವರಿ ತೂತಿನಲ್ಲಿ ಕುಣಿಕೆ ಮಾಡಿ, ಒಂದರ ತುದಿಯನ್ನು ಇನ್ನೊಂದು ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟುತ್ತೇನೆ. ಹಿಮ್ಮಡಿ ಎದ್ದು ಬರುವುದಿಲ್ಲ.

ಕಣ್ಣು ಪಾದದ ಮೇಲಲ್ಲ, ಮೂರು ನಾಲ್ಕು ಮೀಟರ್ ಮುಂದೆ ಇರಲಿ. ಒದ್ದೆ ಬೇರನ್ನು ದಾಟಿ, ತುಳಿಯಬೇಡಿ. ದಾರಿಗೆ ಓರೆಯಾಗಿ ಬಿದ್ದ ಬೇರಂತೂ ಹಾವಿನಷ್ಟೇ ನಂಬಿಕಸ್ಥ. ಹಲಗೆ ಸೇತುವೆಯ ಮೇಲೆ ನಾನು ಈಗಲೂ ನಡೆಯುತ್ತೇನೆ, ನಾಚಿಕೆಯಿಲ್ಲ. ಇಳಿಜಾರಿನಲ್ಲಿ ಹೆದರಿ ಹಿಂದಕ್ಕೆ ವಾಲಿದವರು ಕುಳಿತೇ ಇಳಿಯುತ್ತಾರೆ. ಮೊಣಕಾಲು ಸ್ವಲ್ಪ ಮಡಿಸಿ, ತೋಳುಗಳನ್ನು ಅಗಲಿಸಿ, ಚಿಕ್ಕ ಚಿಕ್ಕ ಹೆಜ್ಜೆ.

ಆ ಹನ್ನೊಂದು ನಿಮಿಷದ ಬಗ್ಗೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮರಳಿನ ಮೇಲೆ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕೆಂದು ಕಂಡುಬಂತು. ಕೆಸರು ಮರಳಲ್ಲ ನಿಜ, ಆದರೆ ಕಾರಣ ಒಂದೇ ಜಾತಿಯದು: ನೀವು ನೆಲವನ್ನು ಒದ್ದ ಬಲದಲ್ಲಿ ಒಂದು ಪಾಲು ಮಣ್ಣನ್ನು ಸರಿಸಲು ಖರ್ಚಾಗುತ್ತದೆ. ಕಿಲೋಮೀಟರಿಗೆ ಎಷ್ಟು ನಿಮಿಷ ಎಂಬ ಲೆಕ್ಕವನ್ನು ಆ ದಿನ ಬಿಟ್ಟುಬಿಡಿ. ನಾನು ಗಡಿಯಾರವನ್ನು ತೋಳಿನ ಬಟ್ಟೆಯೊಳಗೆ ಸರಿಸಿಕೊಂಡು ಐವತ್ತು ನಿಮಿಷ ಓಡುತ್ತೇನೆ, ಎಷ್ಟು ದೂರವಾಯಿತೋ ಅಷ್ಟು.

ಉತ್ತರ 2

ಮೇಲಿನವರು ಶೂ ವಿಷಯವನ್ನು ಲೇಸಿನಲ್ಲೇ ಮುಗಿಸಿದರು, ಅದನ್ನು ನಾನು ಹೇಳುತ್ತೇನೆ. ರಸ್ತೆ ಶೂವಿನ ಅಡಿ ಹೆಚ್ಚುಕಡಿಮೆ ಸಪಾಟು. ಕಾಲುದಾರಿಯ ಶೂಗಳಲ್ಲಿ ಅಡಿಗೆ ರಬ್ಬರಿನ ಹಲ್ಲುಗಳಿರುತ್ತವೆ. ಸಾಧಾರಣ ದಾರಿಗೆ 3-4 ಮಿಲಿಮೀಟರ್ ಸಾಕು, ನಿಜವಾದ ಕೆಸರಿಗೆ 6ರಿಂದ 8 ಬೇಕು. ಉದ್ದಕ್ಕಿಂತಲೂ ಮುಖ್ಯ ಹಲ್ಲುಗಳ ನಡುವಿನ ಅಂತರ. ಒತ್ತೊತ್ತಾಗಿದ್ದರೆ ಸಂದಿಯಲ್ಲಿ ಮಣ್ಣು ತುಂಬಿ ಅಡಿ ಮತ್ತೆ ಸಪಾಟಾಗುತ್ತದೆ. ಅಂತರವಿದ್ದರೆ ಪ್ರತಿ ಹೆಜ್ಜೆಗೂ ಮಣ್ಣು ತಾನೇ ಉದುರುತ್ತದೆ. ಆದರೆ ಉದ್ದ ಹಲ್ಲಿನ ಶೂ ಹಾಕಿ ರಸ್ತೆಯಲ್ಲಿ ಓಡಬೇಡಿ, ಕಾಲಿಗೂ ಹಿತವಿಲ್ಲ, ರಬ್ಬರೂ ಬೇಗ ಸವೆಯುತ್ತದೆ.

ನಾನು ಹಣ ಕಳೆದುಕೊಂಡದ್ದು ನೀರು ಒಳಹೋಗದ ಶೂ ಕೊಂಡು. ಅದು ಹೊರಗಿನ ನೀರನ್ನು ತಡೆಯುವುದೇನೋ ನಿಜ. ಹೊಂಡದ ನೀರು ಕಣಕಾಲಿನ ಮೇಲಿಂದ ಇಳಿಯುತ್ತದಲ್ಲ, ಇಳಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ! ಎರಡು ಬಕೆಟ್ ಕಟ್ಟಿಕೊಂಡು ಓಡಿದ ಹಾಗೆ. ಜಾಳಿಗೆ ಬಟ್ಟೆಯ ಶೂ ಬೇಗ ನೆನೆಯುತ್ತದೆ, ಬೇಗ ನೀರು ಬಿಡುತ್ತದೆ. ಕಾಲುಚೀಲ ಹತ್ತಿಯದು ಬೇಡ, ನೆನೆದು ಮುದ್ದೆಯಾಗಿ ಗುಳ್ಳೆ ಎಬ್ಬಿಸುತ್ತದೆ. ತೆಳು ಉಣ್ಣೆಯದು ಅಥವಾ ಸಿಂಥೆಟಿಕ್ ಸಾಕು. ಬೆರಳ ಸಂದಿಗೆ, ಹಿಮ್ಮಡಿಗೆ ವ್ಯಾಸಲಿನ್.

ಹಾಗೆಂದು ನಾಳೆಯೇ ಅಂಗಡಿಗೆ ಓಡಬೇಡಿ. ಹಳೆಯ ಶೂನಲ್ಲೇ ನಾಲ್ಕು ಸಲ ಹೋಗಿ, ಇಷ್ಟವಾದರೆ ಕೊಳ್ಳಿ.

ಉತ್ತರ 3

ಎಲ್ಲರೂ ಹೋಗಿ ಎನ್ನುತ್ತಿದ್ದೀರಿ, ಒಬ್ಬರಾದರೂ ಬೇಡ ಎನ್ನಬೇಕಲ್ಲ. ನಾನು ಬಿಡುವಿದ್ದಾಗ ಕಾಲುದಾರಿ ದುರಸ್ತಿ ಮಾಡುವವರ ಜೊತೆ ಗುದ್ದಲಿ ಹಿಡಿಯುತ್ತೇನೆ. ದಿನಗಟ್ಟಲೆ ಮಳೆ ಹೊಡೆದ ಮೇಲೆ ಜೇಡಿ ನೆಲ ಪೂರ್ತಿ ನೀರು ಕುಡಿದಿರುತ್ತದೆ. ಆಗ ಬಿದ್ದ ಪ್ರತಿ ಹೆಜ್ಜೆಯೂ ಗುಂಡಿಯಾಗುತ್ತದೆ, ಬಿಸಿಲಿಗೆ ಅದೇ ಗುಂಡಿ ಕಲ್ಲಿನಂತೆ ಗಟ್ಟಿಯಾಗಿ ಮುಂದಿನ ಮಳೆಯ ನೀರನ್ನು ಹಿಡಿಯುತ್ತದೆ. ದಾರಿ ಹಾಳಾಗುವುದು ಹೀಗೇ. ಹೆಜ್ಜೆ ಕಣಕಾಲಿನವರೆಗೆ ಇಳಿಯುವ ಜಾಗ ಒಂದೆರಡಿದ್ದರೆ ದಾಟಿ. ಉದ್ದಕ್ಕೂ ಹಾಗೇ ಇದ್ದರೆ ಅಂದು ಮರಳುಗಲ್ಲಿನ ದಾರಿಯನ್ನೋ ರಸ್ತೆಯನ್ನೋ ಹಿಡಿಯಿರಿ. "ದಾರಿ ಮುಚ್ಚಿದೆ" ಎಂಬ ಫಲಕವಿದ್ದರೆ ಚರ್ಚೆಯೇ ಇಲ್ಲ.

ಹೊಂಡದ ನಡುವೆ ಓಡಿ ಎಂದ ಮೇಲಿನವರ ಮಾತಿಗೆ ನನ್ನದು ಪೂರ್ಣ ಒಪ್ಪಿಗೆ, ಬೇರೆ ಕಾರಣಕ್ಕೆ. ಎಲ್ಲರೂ ಬಳಸಿ ಹೋದರೆ ಎರಡು ಅಡಿಯ ದಾರಿ ವರ್ಷದಲ್ಲಿ ಆರು ಅಡಿಯಾಗುತ್ತದೆ, ಅಂಚಿನ ಸಸಿಗಳೆಲ್ಲ ಕಾಲಡಿಗೆ. ನಾವು ಗುದ್ದಲಿ ಹಿಡಿಯುವುದು ಹೆಚ್ಚಾಗಿ ಅದನ್ನು ಸರಿಪಡಿಸಲಿಕ್ಕೇ.

ಶೂ ತೊಳೆದು ಹೋಗಿ, ಬಂದಮೇಲೂ ತೊಳೆಯಿರಿ. ಫೈಟಾಫ್ಥೊರಾ ಎಂಬ ಸೂಕ್ಷ್ಮಜೀವಿಗಳ ಕುಲ ಮರಗಳ ಬೇರು ಕೊಳೆಸುತ್ತದೆ, ಶೂಗೆ ಅಂಟಿದ ಮಣ್ಣಿನೊಂದಿಗೆ ಒಂದು ಕಾಡಿನಿಂದ ಇನ್ನೊಂದಕ್ಕೆ ಸಾಗುತ್ತದೆ. ನ್ಯೂಜಿಲೆಂಡಿನಲ್ಲಿ ಕೌರಿ ಎಂಬ ದೈತ್ಯ ಮರಗಳು ಇದರಿಂದಲೇ ಸಾಯುತ್ತಿವೆ. ಅಲ್ಲಿ ಕಾಡಿನ ಬಾಗಿಲಿನಲ್ಲಿ ಶೂ ಉಜ್ಜುವ ಬ್ರಷ್ಷು, ಔಷಧದ ನೀರು ಇಟ್ಟಿದ್ದಾರೆ, ಕೆಲವು ದಾರಿಗಳನ್ನು ಮುಚ್ಚಿಯೇ ಬಿಟ್ಟಿದ್ದಾರೆ.

ಉತ್ತರ 4

ತಾಂತ್ರಿಕ ಮಾತೆಲ್ಲ ಆಯಿತು, ವಾಸನೆಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಾನು ಹೋಗುವುದೇ ಅದಕ್ಕೆ. ಮಣ್ಣಿನ ಬ್ಯಾಕ್ಟೀರಿಯಾಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬ ವಸ್ತುವಿನ ಘಮ ಅದು. ಗಾಳಿಯಲ್ಲಿ ಲಕ್ಷ ಕೋಟಿಗೆ ಕೆಲವೇ ಕಣಗಳಿದ್ದರೂ ನಮ್ಮ ಮೂಗಿಗೆ ಗೊತ್ತಾಗುತ್ತದೆ. ಡಾಂಬರಿನಲ್ಲಿ ಓಡುವಾಗ ಮೂಗಿಗೆ ಸಿಗುವುದು ಹೊಗೆ.

ಉತ್ತರ 5

ಅಂಗೈ ಊರಿ ಬಿದ್ದೆ ಎಂದಿರಿ. ಚರ್ಮ ತರಚಿದೆಯೇ? ತರಚಿದ್ದರೆ ಮನೆಗೆ ಬಂದ ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಗಾಯಕ್ಕೆ ಕೆಸರು ತಾಗಿದೆ, ಟೆಟನಸ್ ಚುಚ್ಚುಮದ್ದು ಹಾಕಿಸಿ ಐದು ವರ್ಷ ಕಳೆದಿದ್ದರೆ ವೈದ್ಯರನ್ನು ಕೇಳಿ. ಇಲಿ ಜ್ವರದ ಸೂಕ್ಷ್ಮಾಣುಗಳು ಪ್ರಾಣಿಗಳ ಮೂತ್ರದ ಮೂಲಕ ನಿಂತ ನೀರಿಗೆ, ಕೆಸರಿಗೆ ಸೇರಿ ಗಾಯದ ಮೂಲಕ ಒಳಹೋಗುತ್ತವೆ. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ "ಕೆಸರಿನಲ್ಲಿ ಓಡಿದ್ದೆ" ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ನಾನು ನಾಚಿಕೊಂಡು ಹೇಳದೆ ಎರಡು ದಿನ ಹಾಳು ಮಾಡಿಕೊಂಡಿದ್ದೆ.

ಹರಿಯುವ ನೀರು ದಾರಿಗೆ ಅಡ್ಡ ಬಂದಿದ್ದರೆ ವಾಪಸ್ ಬನ್ನಿ. ಗುಡುಗಿನ ಸದ್ದು ಕೇಳಿಸಿದರೂ ಅಷ್ಟೇ. ಮರದಡಿ ನಿಲ್ಲಬೇಡಿ.

ಉತ್ತರ 6

ಕೈ ಕೆಸರಾದರೆ ಬಾಯಿ ಮೊಸರಂತೆ. ಕಾಲು ಕೆಸರು ಮಾಡಿಕೊಂಡು ಬಂದವರಿಗೆ ಮನೆಯಲ್ಲಿ ಸಿಗುವುದು ಬೈಗುಳ. ಅದನ್ನು ತಪ್ಪಿಸಲು: ಬಾಗಿಲ ಹೊರಗೇ ಶೂ ಬಿಚ್ಚಿ, ಒಳ ಅಟ್ಟೆ ಹೊರಗೆ ತೆಗೆಯಿರಿ, ಬಕೆಟ್ಟಿನ ತಣ್ಣೀರಿನಲ್ಲಿ ಹಳೆಯ ಬ್ರಷ್ಷಿನಿಂದ ಉಜ್ಜಿ. ಒಳಗೆ ಪತ್ರಿಕೆಯ ಹಾಳೆ ತುರುಕಿ, ಗಂಟೆಗೊಮ್ಮೆ ಬದಲಿಸಿ. ಬಿರುಬಿಸಿಲು, ಹೀಟರ್ ಎರಡೂ ಬೇಡ, ಅಂಟು ಬಿಡುತ್ತದೆ. ಬಟ್ಟೆಯ ಕೆಸರು ಒಣಗುವವರೆಗೆ ಕಾದು ಕೊಡವಿ, ಆಮೇಲೆ ತೊಳೆಯಿರಿ. ಕೆಸರಿನ ನೀರನ್ನು ಬಚ್ಚಲಿಗೆ ಸುರಿದು ಕೊಳವೆ ಕಟ್ಟಿಸಿಕೊಂಡ ಅನುಭವ ನನಗಿದೆ, ಗಿಡಕ್ಕೆ ಹಾಕಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಪಣ ಕಟ್ಟಿದವರು ಗೆದ್ದಿದ್ದೀರಿ, ಬಿದ್ದದ್ದು ಅಂಚಿನಲ್ಲೇ. ಅಂಗೈ ತರಚಿರಲಿಲ್ಲ.

ನಿನ್ನೆ ರಾತ್ರಿ ಮಳೆಯಾಗಿತ್ತು, ಇಂದು ಬೆಳಿಗ್ಗೆ ಹಳೆಯ ಶೂ ಹಾಕಿಕೊಂಡು ಹೋದೆ. ಮೊದಲ ಹೊಂಡದ ಮುಂದೆ ನಿಂತೇಬಿಟ್ಟೆ, ಕಾಲು ಏಳಲಿಲ್ಲ. ಹಿಂದಿನಿಂದ ಒಂದು ನಾಯಿ ಓಡಿಬಂದು ಧುಮುಕಿ ನನ್ನ ಸೊಂಟದವರೆಗೆ ಎರಚಿ ಹೋಯಿತು. ಇನ್ನೇನು, ನಾನೂ ಇಳಿದೆ. ನೀರು ಕಣಕಾಲಿಗಿಂತ ಮೇಲಿರಲಿಲ್ಲ, ತಳ ಗಟ್ಟಿಯಾಗಿತ್ತು. ಬಿದಿರಿನ ಹಿಂಡಿಲಿನ ತಿರುವಿನಲ್ಲಿ ಒಮ್ಮೆ ಜಾರಿದೆ, ತೋಳು ಅಗಲಿಸಿದ್ದರಿಂದ ಉಳಿದೆ. ಹಲಗೆ ಸೇತುವೆಯಲ್ಲಿ ನಡೆದೆ. ಗಡಿಯಾರ ನೋಡಬಾರದು ಎಂದಿದ್ದಿರಿ, ಎರಡು ಸಲ ನೋಡಿದೆ, ಅಷ್ಟೇ.

ಈಗ ಮೂರನೆಯ ಬಾರಿ ಶೂನೊಳಗಿನ ಪತ್ರಿಕೆ ಬದಲಿಸುತ್ತಾ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಅನುಮಾನ ಮಾತ್ರ ಉಳಿದಿದೆ. ಕೆಸರು ಕಾಲಿಗೆ ಮೆತ್ತಿದ್ದು ಸರಿ, ಕಿವಿಯ ಹಿಂದೆ ಹೇಗೆ ಹೋಯಿತು?