ಮೂರು-ಮೂರು ಚೌಕದ ಜಾಲಾಕೃತಿ ಘನ ಆಗ್ತಿಲ್ಲ, ಯಾಕೆ?

ತೀರ್ಥಹಳ್ಳಿ ಟೀಚರ್
ಏಳನೇ ಕ್ಲಾಸಿನ ಮಕ್ಕಳಿಗೆ ಡ್ರಾಯಿಂಗ್ ಶೀಟಲ್ಲಿ 5 ಸೆಂ.ಮೀ. ಚೌಕಗಳ ಜಾಲಾಕೃತಿ, ಅಂದ್ರೆ ಮಡಚಿದ್ರೆ ಘನ (ಆರು ಚೌಕ ಮುಖದ ಪೆಟ್ಟಿಗೆ) ಆಗೋ ಚಪ್ಪಟೆ ಆಕಾರ, ಮಾಡಿಸ್ಬೇಕು. ಶಿಲುಬೆ ಆಕಾರದ್ದು ಸಲೀಸಾಗಿ ಮಡಚುತ್ತೆ. ಎರಡು ಸಾಲಲ್ಲಿ ಮೂರು-ಮೂರು ಚೌಕ ಇರೋದೂ ಘನ ಆಗುತ್ತೆ ಅಂತಾರೆ, ಆದ್ರೆ ಕತ್ತರಿಸಿ ನೋಡಿದ್ರೆ ಬಗ್ಗೋದೇ ಇಲ್ಲ. ಕತ್ತರಿ ಹಾಕೋಕೆ ಮುಂಚೆ ಗೊತ್ತು ಮಾಡ್ಕೊಳ್ಳೋದು ಹೇಗೆ? ಅಂಟಿನ ಪಟ್ಟಿ ಎಲ್ಲೆಲ್ಲಿ ಬಿಡಬೇಕು ಅನ್ನೋದೂ ಗೊಂದಲ.

ಸಾಗರ
ಎರಡನೇ ಸಾಲನ್ನ ಎಷ್ಟು ಮನೆ ಸರಿಸಿದ್ರಿ ಮೇಡಂ? ನೇರ ಕೆಳಗಿಟ್ರೂ, ಒಂದು ಮನೆ ಸರಿಸಿದ್ರೂ ನಾಲ್ಕು ಚೌಕ ಒಂದೇ ಬಿಂದುವಲ್ಲಿ ಸೇರ್ತವೆ. ಅಲ್ಲಿಗೆ 360 ಡಿಗ್ರಿ ತುಂಬಿತು, ಹಾಳೆ ಚಪ್ಪಟೆಯಾಗೇ ಉಳಿಯುತ್ತೆ. ಘನದ ಶೃಂಗದಲ್ಲಿ, ಅಂದ್ರೆ ಮೂಲೆಯಲ್ಲಿ, ಮೂರೇ ಚೌಕ, 270 ಡಿಗ್ರಿ. ಎರಡು ಮನೆ ಸರಿಸಿ, ಸಾಲುಗಳು ಒಂದೇ ಅಂಚಲ್ಲಿ ಅಂಟಿಕೊಂಡಿರಲಿ. ಆಗ ಮಡಚುತ್ತೆ.

ಉಳಿದವಕ್ಕೆ ನೇರ ಸಾಲಲ್ಲಿ ಒಂದು ಬಿಟ್ಟು ಒಂದು ಚೌಕ ಎದುರುಬದುರು ಮುಖ ಅಂತ ಇಟ್ಕೊಳ್ಳಿ. ಸಾಲಲ್ಲಿ ಐದಿದ್ರೆ ಐದನೇದು ಒಂದನೇದರ ಮೇಲೇ ಕೂರುತ್ತೆ. ನಾಲ್ಕಿದ್ರೆ ಮಿಕ್ಕ ಎರಡು ಆಚೆಗೊಂದು ಈಚೆಗೊಂದು ಇರಲಿ, ಯಾವ ಚೌಕಕ್ಕೆ ಅಂಟಿದ್ರೂ ನಡೆಯುತ್ತೆ. ಈ ಥರದವೇ 6. ತಿರುಗಿಸಿದ್ದು, ಮಗುಚಿದ್ದು ಬೇರೆ ಅಂತ ಲೆಕ್ಕ ಹಿಡೀದಿದ್ರೆ ಒಟ್ಟು 11.

ಹೊಸನಗರ
ಪಟ್ಟಿಗೆ ಬಾಯಿಪಾಠ ಬೇಡ. ಘನಕ್ಕೆ 12 ಅಂಚು, ಜಾಲಾಕೃತಿಯಲ್ಲಿ 5 ಮಡಿಕೆ, ಮಿಕ್ಕ 7 ಕಡೆ ಅಂಟು. ಹೊರಗಿನ ಗಡಿಯಲ್ಲಿ 14 ಅಂಚು ಇರ್ತವೆ. ಯಾವುದರಿಂದಾದ್ರೂ ಶುರು ಮಾಡಿ ಸುತ್ತಲೂ ಒಂದು ಬಿಟ್ಟು ಒಂದಕ್ಕೆ ಪಟ್ಟಿ ಎಳೀರಿ. 11ರಲ್ಲಿ ಯಾವುದಾದ್ರೂ ಸರಿ, ಪ್ರತಿ ಜೋಡಿಗೆ ಒಂದೇ ಪಟ್ಟಿ ಬೀಳುತ್ತೆ. ಅಗಲ 8 ಮಿ.ಮೀ. ಸಾಕು, ಎರಡೂ ತುದಿ ಓರೆ ಕತ್ತರಿಸಿ, ಇಲ್ಲಾಂದ್ರೆ ಮೂಲೆಯಲ್ಲಿ ಪಟ್ಟಿಗೆ ಪಟ್ಟಿ ಗುದ್ದುತ್ತೆ.

ತೀರ್ಥಹಳ್ಳಿ ಟೀಚರ್
ಎರಡು ಮನೆ ಸರಿಸಿದ್ದು ಆಯ್ತು ಸರ್! ಆದ್ರೆ ಕೊನೇ ಮುಖ ಒಳಗೆ ಕುಸೀತಿದೆ, ಮಡಿಕೆಯೂ ಡೊಂಕು.

ಹೊಸನಗರ
ಮುಚ್ಚಳ ಆಗೋ ಚೌಕವನ್ನ ಕೊನೆಗೆ ಅಂಟಿಸಿ. ಅದು ಕೂರೋ ಕಡೆ ಪಟ್ಟಿಗಳು ಪೆಟ್ಟಿಗೆಯ ಬಾಯಿಂದ ಒಳಕ್ಕೆ ಬಾಗಿರಲಿ, ಮುಚ್ಚಳಕ್ಕೆ ಆಸರೆ ಅದೇ. ಮಡಚೋ ಮೊದಲು ಇಂಕು ಮುಗಿದ ಬಾಲ್‌ಪೆನ್ನಲ್ಲಿ ಸ್ಕೇಲ್ ಹಿಡಿದು ಗೆರೆ ಒತ್ತಿ. ಈ ಜಡಿಮಳೇಲಿ ಶೀಟ್ ಥಂಡಿ ಹಿಡಿದು ಮೆತ್ತಗಾಗಿರುತ್ತೆ, ಗೋಂದು ಒಣಗೋಕೂ ಹೊತ್ತು ಬೇಕು. ತೆಳ್ಳಗೆ ಸವರಿ, ಬಟ್ಟೆ ಕ್ಲಿಪ್ ಹಾಕಿಡಿ. ಹಳೇ ಲಗ್ನಪತ್ರಿಕೆ ರಟ್ಟು ಸಿಕ್ಕಿದ್ರೆ ಇನ್ನೂ ಒಳ್ಳೇದು.