ತಾತ್ಸಾರ, ತಿರಸ್ಕಾರ: ಎಲ್ಲಿ ಯಾವುದು?

ಪ್ರಶ್ನೆ (ದಾವಣಗೆರೆ): ‘ರೈತರ ಅರ್ಜಿಗಳನ್ನು ತಾತ್ಸಾರ ಮಾಡಿದರು’ ಅನ್ನೋ ಸಾಲನ್ನ ‘ತಿರಸ್ಕರಿಸಿದರು’ ಅಂತ ತಿದ್ದಬಹುದಾ ಸರ್?

ಉತ್ತರ 1: ಬೇಡ, ಅರ್ಥವೇ ಕೆಡುತ್ತೆ. ಅರ್ಜಿ ತಿರಸ್ಕರಿಸಿದರು ಅಂದ್ರೆ ಅದನ್ನ ಓದಿ ನೋಡಿ, ಆಗಲ್ಲ ಅಂದರು ಅಂತ. ನಾಮಪತ್ರ ತಿರಸ್ಕೃತವಾದರೆ ಅದರಲ್ಲಿ ಅವಮಾನದ ಮಾತೇ ಇಲ್ಲ. ತಾತ್ಸಾರ ಅಂದ್ರೆ ಕಡತದ ದಾರ ಬಿಚ್ಚುವಷ್ಟೂ ಬೆಲೆ ಕೊಡದಿರೋದು. ಆದರೆ ಮನುಷ್ಯರ ವಿಷಯದಲ್ಲಿ ತಿರಸ್ಕಾರವೇ ಖಾರ: ‘ತಿರಸ್ಕಾರದಿಂದ ನೋಡಿದ’ ಅಂದರೆ ಹೀನವಾಗಿ ಕಂಡ ಅಂತಲೇ.

ಉತ್ತರ 2: ಆಡುಮಾತಲ್ಲಿ ‘ಸಸಾರ’ನೂ ಐತಲ್ರೀ. ‘ಬರೀ ಮಂಡಕ್ಕಿ ಅಂತ ಸಸಾರ ಮಾಡಬ್ಯಾಡ’. ಹಗುರವಾಗಿ ಕಾಣೋದು ಅಷ್ಟೇ, ದ್ವೇಷ ಇಲ್ಲ. ಅಸಡ್ಡೆ ಬ್ಯಾರೆ, ಅಶ್ರದ್ಧೆಯ ತದ್ಭವ. ಹಂಗಾಗಿ ಓದಿನ ಮ್ಯಾಲೂ ಅಸಡ್ಡೆ ಇರಬಹುದು.

ಉತ್ತರ 3: ಯಾರಾದರೂ ಕೋರ್ಟಿಗೆ ಅಗೌರವ ತೋರಿದ ಸುದ್ದಿಗೆ ಇವ್ಯಾವೂ ಸಲ್ಲವು. 1971ರ ಕಾಯ್ದೆಯಡಿ ಅದು ‘ನ್ಯಾಯಾಂಗ ನಿಂದನೆ’. ಬೇಕಂತಲೇ ಆದೇಶ ಮೀರಿದರೂ ಅದೇ ಪದ.