ಅಪ್‌ಡೇಟ್: ಹೊರಗೆ ನಿಲ್ಲಿಸುವ ಬೈಕ್‌ಗೆ ಕೊನೆಗೆ ಏನೇನು ಮಾಡಿದೆ

ಶೆಡ್ ಇಲ್ಲ, ಬೈಕ್ ಮನೆ ಮುಂದೆ ಬಯಲಲ್ಲೇ ನಿಲ್ಲುತ್ತದೆ, ಕಳ್ಳತನ ಆಗದಂತೆ ಹ್ಯಾಂಡಲ್ ಲಾಕ್ ಬಿಟ್ಟು ಇನ್ನೇನು ಮಾಡಬಹುದು ಅಂತ ಕೇಳಿದ್ದೆ ಅಲ್ವಾ? ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೊದಲು ನೆಲಕ್ಕೆ ಆಂಕರ್, ಅಂದರೆ ಸರಪಳಿ ಕಟ್ಟುವ ಗಟ್ಟಿ ಕೊಂಡಿ, ಹಾಕಿಸಿದೆ. ಕಾಂಕ್ರೀಟ್ ಕೊರೆದು ಬೋಲ್ಟ್ ಬಿಗಿದ ಮೇಲೆ, ಬೋಲ್ಟ್ ತಲೆಯಲ್ಲಿ ಅಲೆನ್ ಕೀ (ಆರು ಮೂಲೆಯ ಕೀ) ಹಾಕಿ ಬಿಚ್ಚುವ ತೂತಿಗೆ ಒಂದು ಸ್ಟೀಲ್ ಗುಂಡನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ್ದೇವೆ. ಇನ್ನು ಅಲ್ಲಿಗೆ ಕೀ ಹೋಗುವುದಿಲ್ಲ. ಈ ಐಡಿಯಾ ಕೊಟ್ಟವರಿಗೆ ಕೈ ಮುಗಿಯಬೇಕು.

ಬೈಕನ್ನು ಆಂಕರ್‌ಗೆ ಕಟ್ಟುವ ಸರಪಳಿ 16 ಎಂಎಂ ದಪ್ಪ, ಹದಗೊಳಿಸಿದ ಉಕ್ಕು. ಇದಕ್ಕೆ ಕೈಯಲ್ಲಿ ಹಿಡಿಯುವ ಬೋಲ್ಟ್ ಕಟರ್ ಸುಲಭಕ್ಕೆ ನಾಟುವುದಿಲ್ಲ. ಲೋಹ ಕತ್ತರಿಸುವ ಗ್ರೈಂಡರ್ ಯಂತ್ರ ತಂದರೆ ಕತ್ತರಿಸಬಹುದು, ನಿಜ, ಆದರೆ ಸದ್ದು, ಕಿಡಿ ಎರಡೂ ಜಾಸ್ತಿ, ಸಮಯವೂ ಬೇಕು. ಮುಂದಿನ ಚಕ್ರಕ್ಕೆ ಮಾತ್ರ ಕಟ್ಟಿದರೆ ಚಕ್ರ ಬಿಚ್ಚಿಟ್ಟು ಉಳಿದದ್ದನ್ನು ಹೊತ್ತುಕೊಂಡು ಹೋಗುತ್ತಾರೆ, ಹಾಗಾಗಿ ಹಿಂದಿನ ಚಕ್ರ, ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಎರಡನ್ನೂ ಬಳಸಿ ಕಟ್ಟುತ್ತೇನೆ. ಸರಪಳಿ ನೆಲ ಮುಟ್ಟದಂತೆ ಬಿಗಿಯಾಗಿರಬೇಕು. ಇಲ್ಲದಿದ್ದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಮೈಭಾರ ಹಾಕಿ ಒತ್ತುತ್ತಾರೆ.

ಮುಂದಿನ ಚಕ್ರದ ಬ್ರೇಕ್ ಡಿಸ್ಕ್‌ಗೆ ಅಲಾರ್ಮ್ ಇರುವ ಡಿಸ್ಕ್ ಲಾಕ್. ಲಾಕ್ ಹಾಕಿದೆ ಅಂತ ನೆನಪಿಸುವ ಅದರ ಕೇಬಲ್ ಹ್ಯಾಂಡಲ್‌ಗೆ ಸಿಕ್ಕಿಸಿಯೇ ಇಡಿ. ಲಾಕ್ ಮರೆತು ಹೊರಟರೆ ಡಿಸ್ಕೂ ಹಾಳು, ನೀವೂ ಬೀಳುತ್ತೀರಿ.

ಮೇಲೆ ಸಾದಾ ಬಣ್ಣದ ಕವರ್ ಹೊದಿಸುತ್ತೇನೆ, ಯಾವ ಬೈಕ್ ಅಂತ ದಾರಿಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಸೈಲೆನ್ಸರ್ ತಣ್ಣಗಾಗುವವರೆಗೆ ಮಾತ್ರ ಕಾಯಬೇಕು.

ಜಿಪಿಎಸ್ ಟ್ರ್ಯಾಕರ್ ಇನ್ನೂ ಹಾಕಿಲ್ಲ. ವಾರಗಟ್ಟಲೆ ಓಡಿಸದೆ ನಿಲ್ಲಿಸಿದರೆ ಟ್ರ್ಯಾಕರ್‌ನಿಂದ ಬೈಕ್ ಬ್ಯಾಟರಿ ಇಳಿಯುತ್ತದಲ್ಲ, ತನ್ನದೇ ಬ್ಯಾಟರಿ ಇರುವಂಥದ್ದು ಬಳಸುತ್ತಿರುವವರು ಇದ್ದರೆ ಹೇಳಿ.